ಹೆಂಗಸರ ಕಡೆ ಏನಂದ್ರು?

ನಮ್ಮ ಬೀದಿಯ ಕೊನೆಮನೆ ಹುಡುಗಿ ಶಿವಮೊಗ್ಗದಲ್ಲಿ ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ನೋಡುವ ಕೆಲಸಕ್ಕೆ ಸೇರಿದ್ದಾಳೆ. ಯೂನಿಫಾರಂ ಇದೆ, ಕುತ್ತಿಗೆಗೆ ನೇತುಹಾಕುವ ಚೀಟಿ ಇದೆ. "ಅಜ್ಜೀ, ನೀವೂ ಇದೇ ಕೆಲಸ ಮಾಡಿದ್ರಂತೆ, ಏನಾದ್ರೂ ಹೇಳಿಕೊಡಿ" ಅಂದಳು. ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಫೋನು ನೋಡುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಉಳಿದ ಅಕ್ಷರ ಕಲಿತದ್ದು ಗೋಡೆಗೆ ಅಂಟಿಸುವ ಸಿನಿಮಾ ಪೋಸ್ಟರು ನೋಡಿ. ತಪ್ಪಿದ್ದರೆ ತಿದ್ದಿಕೊಂಡು ಓದಲಿ.

ನಾನು ಇದ್ದದ್ದು ಟೂರಿಂಗ್ ಟಾಕೀಸಿನಲ್ಲಿ. ಅಂದರೆ ಡೇರೆ ಸಿನಿಮಾ. ಅರವತ್ತರ ದಶಕದ ಮಾತು. ಮಳೆ ನಿಂತ ಮೇಲೆ ಸಾಗರದಿಂದ ಸಾಮಾನು ಹೊರಡುತ್ತಿತ್ತು. ರಿಪ್ಪನ್‌ಪೇಟೆಯಲ್ಲಿ ಕೆಲವು ವಾರ, ಹೊಸನಗರದಲ್ಲಿ ಕೆಲವು ವಾರ, ಆಮೇಲೆ ತೀರ್ಥಹಳ್ಳಿ. ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಡೇರೆ ಬಿಚ್ಚಿ ವಾಪಸು. ಗಂಡಸರ ಗೇಟಿಗೆ ಮೂರು ಜನ, ಹೆಂಗಸರ ಗೇಟಿಗೆ ನಾನೊಬ್ಬಳು. ಗಂಡ ಸತ್ತಿದ್ದ, ಹೊಟ್ಟೆಗೆ ಬೇಕಿತ್ತು, ಸೇರಿದೆ. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಡೇರೆಯ ನಡುವೆ ಎದೆಮಟ್ಟದ ಬಟ್ಟೆ ಕಟ್ಟಿ ಹೆಂಗಸರ ಕಡೆ, ಗಂಡಸರ ಕಡೆ ಎಂದು ಮಾಡುತ್ತಿದ್ದರು. ಟಿಕೆಟ್ ಹರಿಯುವುದು, ಕೂರಿಸುವುದು, ಸೆರಗಿನೊಳಗೆ ಐದು ವರ್ಷದ ಮಗುವನ್ನು ಮುಚ್ಚಿಕೊಂಡು "ಹಾಲು ಕುಡಿಯೋ ಕೂಸು" ಅನ್ನುವವರನ್ನು ಹಿಡಿಯುವುದು, ಜಾಗಕ್ಕೆ ಜಗಳವಾಡುವವರನ್ನು ಬಿಡಿಸುವುದು, ಆಟ ಮುಗಿದ ಮೇಲೆ ಮರಳು ಕೆದಕಿ ಎಲೆ ಉಗುಳು ಮುಚ್ಚುವುದು, ಇಷ್ಟು ಕೆಲಸ. ಇದರ ಮೇಲೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಹೆಸರಿರಲಿಲ್ಲ.

ಮಾಲೀಕ ಶಾಂತಪ್ಪನವರು ಹೊಸ ಪಿಕ್ಚರಿನ ಮೊದಲ ಆಟ ಮುಗಿದ ಕೂಡಲೇ ನನ್ನ ಗೇಟಿಗೆ ಬರುತ್ತಿದ್ದರು. ಬೀಡಿ ಆರಿಸಿ, "ಹೆಂಗಸರ ಕಡೆ ಏನಂದ್ರು, ಚೌಡಕ್ಕ?" ಅನ್ನುತ್ತಿದ್ದರು. ಗಂಡಸರನ್ನು ಅವರು ಕೇಳುತ್ತಿರಲಿಲ್ಲ. "ಗಂಡಸ್ರು ಶಿಳ್ಳೆ ಹಾಕ್ತಾರೆ, ನಾಳೆ ಬರಲ್ಲ. ಹೆಂಗಸ್ರು ಬಂದ್ರೆ ಮನೆ ಮಂದಿಯೆಲ್ಲ ಬರ್ತದೆ" ಅನ್ನುವುದು ಅವರ ಲೆಕ್ಕ. ನಾನು ಹೇಳುವುದರ ಮೇಲೆ ಪಿಕ್ಚರು ಮೂರು ದಿನವೋ ಹತ್ತು ದಿನವೋ ಎಂದು ಗೊತ್ತಾಗುತ್ತಿತ್ತು.

ನಾನು ಅದನ್ನು ಅಳೆಯುತ್ತಿದ್ದದ್ದು ಹೀಗೆ. ನಮ್ಮಲ್ಲಿ ಮೆಷೀನು ಒಂದೇ. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಆ ಐದು ನಿಮಿಷ ಡೇರೆಯೊಳಗೆ ಮಾತೋ ಮಾತು. ಅವಳು ಹಾಗೆ ಮಾಡಬಾರದಿತ್ತು, ಆ ಅತ್ತೆಯನ್ನು ಒದೆಯಬೇಕು, ಮುಂದೆ ಹೀಗಾಗುತ್ತದೆ ನೋಡು, ಇವೆಲ್ಲ ರೀಲಿಗೊಂದು ಸಲ ಬರುತ್ತಿದ್ದವು. ಮುಂದೆ ಎರಡು ಮೆಷೀನು ಬಂದು ಪಿಕ್ಚರು ನಿಲ್ಲದೆ ಓಡತೊಡಗಿದ ಮೇಲೆ ಜನ ನೋಡುವುದು ಜಾಸ್ತಿಯಾಯಿತು, ಮಾತಾಡುವುದು ಕಡಿಮೆಯಾಯಿತು. ಮಾತು ಒಂದೇ ಅಲ್ಲ, ಎಲೆ ಅಡಿಕೆಯ ಚೀಲವನ್ನೂ ನೋಡಬೇಕು. ಮೂರನೇ ರೀಲಿಗೇ ಚೀಲ ಬಿಚ್ಚಿದರೆ ಪಿಕ್ಚರು ಸಪ್ಪೆ. ಮಗು ಅತ್ತಾಗ ತಾಯಿ ಎದ್ದು ಹೊರಗೆ ಬಂದರೆ ಪಿಕ್ಚರು ಸೋತಿತು. ಮಗು ಎಷ್ಟು ಅತ್ತರೂ ಕಣ್ಣು ಕೀಳದೆ ಬಾಯಿಗೆ ಬೆಲ್ಲ ತುರುಕಿದರೆ ಗೆದ್ದಿತು. ಶಾಂತಪ್ಪನವರಿಗೆ ನಾನು ಎರಡೇ ಮಾತಿನಲ್ಲಿ ಹೇಳುತ್ತಿದ್ದೆ: ಅತ್ತಿದ್ದರೆ "ಸೆರಗು ಒದ್ದೆ", ಇಲ್ಲವಾದರೆ "ಎಲೆ ಅಡಿಕೆ."

ಎರಡಕ್ಕೂ ಸೇರದ ಪಿಕ್ಚರು ಒಂದೇ ಒಂದು ಬಂತು. ನಾನು ಹೇಳಬೇಕೆಂದಿರುವುದು ಅದನ್ನೇ.

ಅದರ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಹೆಂಗಸರು ಪಿಕ್ಚರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಇದನ್ನು "ಬಾಗಿಲ ಪಿಕ್ಚರು" ಅನ್ನುತ್ತಿದ್ದರು. ಕಥೆ ಇಷ್ಟು. ಒಬ್ಬ ಇಂಜಿನಿಯರು, ಅವನ ಹೆಂಡತಿ. ಗಂಡ ಒಳ್ಳೆಯವನು. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹೆಂಡತಿಗೆ ಪುಸ್ತಕ ತಂದುಕೊಡುತ್ತಾನೆ. ಅವನ ಕೈಕೆಳಗೆ ಕೆಲಸಕ್ಕೆ ಒಬ್ಬ ಬರುತ್ತಾನೆ. ಅವನು ಈಕೆಯನ್ನು ಮದುವೆಗೆ ಮುಂಚೆ ಪ್ರೀತಿ ಮಾಡಿದವನು. ಅವನೂ ಒಳ್ಳೆಯವನೇ. ಆಕೆಗೆ ಅವನ ಮೇಲೆ ಮನಸ್ಸು ಇದೆ, ಗಂಡನ ಮೇಲೂ ಸಿಟ್ಟಿಲ್ಲ. ಗಂಡನಿಗೆ ವಿಷಯ ತಿಳಿಯುತ್ತದೆ. ಇಬ್ಬರು ಗಂಡಸರೂ ಪಡಸಾಲೆಯಲ್ಲಿ ಕೂತು ಮಾತಾಡುತ್ತಾರೆ. "ನೀನು ಕರಕೊಂಡು ಹೋಗು" ಎಂದು ಗಂಡ. "ಬೇಡ, ಆಕೆ ನಿಮ್ಮವಳು" ಎಂದು ಅವನು. ಇಬ್ಬರೂ ಅತ್ತು ತಬ್ಬಿಕೊಳ್ಳುತ್ತಾರೆ. ಆಕೆ ಬಾಗಿಲ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ತಟ್ಟೆಯನ್ನು ಕೆಳಗಿಟ್ಟು ಹಿತ್ತಿಲ ಬಾಗಿಲು ತೆಗೆದು ರಸ್ತೆಗೆ ಹೋಗುತ್ತಾಳೆ. ರಸ್ತೆ ಖಾಲಿಯಾಗುವವರೆಗೆ ತೋರಿಸಿ ಮುಗಿಸಿಬಿಟ್ಟಿದ್ದರು. ಯಾರೂ ಸಾಯುವುದಿಲ್ಲ.

ಮೊದಲು ಹಾಕಿದ್ದು ರಿಪ್ಪನ್‌ಪೇಟೆಯಲ್ಲಿ. ರಸ್ತೆ ಖಾಲಿಯಾಯಿತು, ದೀಪ ಬಂತು. ಗಂಡಸರ ಕಡೆ ಒಬ್ಬರೂ ಏಳಲಿಲ್ಲ. ರೀಲು ಬದಲಾಯಿಸುತ್ತಿದ್ದಾರೆ ಎಂದುಕೊಂಡು ಬೀಡಿ ಹಚ್ಚಿ ಕೂತರು. ಆಪರೇಟರ್ ಕರೀಂ ಸಾಬರು ಮೆಷೀನಿನ ಕೋಣೆಯಿಂದ ಹೊರಗೆ ಬಂದು "ಆಯ್ತು, ಹೋಗ್ರಪ್ಪಾ" ಅಂದಾಗ ಗಲಾಟೆ ಶುರುವಾಯಿತು.

"ಕೊನೇ ರೀಲು ಹಾಕ್ರೀ ಸಾಬ್ರೇ."

"ಅದೇ ಕೊನೇದು."

"ಯಾರಿಗೆ ಹೇಳ್ತೀರಿ? ಅವ್ಳು ಎಲ್ಲಿ ಸತ್ಲು ತೋರ್ಸಿಲ್ಲ, ಗಂಡ ಹುಡುಕ್ಕಂಡು ಹೋಗಿದ್ದು ತೋರ್ಸಿಲ್ಲ. ರೀಲು ನುಂಗಿ ಬೇಗ ಮಲಗಾಣ ಅಂತ ನೋಡ್ತೀರಾ?"

ಜನರದ್ದು ತಪ್ಪೆಂದು ಹೇಳಲಾರೆ. ಡೇರೆ ಸಿನಿಮಾದಲ್ಲಿ ರೀಲು ನುಂಗುವುದು ಇದ್ದದ್ದೇ. ಹೊತ್ತಾದರೆ ನಡುವಿನ ಒಂದು ಹಾಡು ಹಾರಿಸುತ್ತಿದ್ದೆವು. ಆದರೆ ಅವತ್ತು ನುಂಗಿರಲಿಲ್ಲ. ಯಾರೋ ಮರಳು ತೂರಿದರು, ಪರದೆಗೆ ಚಪ್ಪಲಿ ಬಿತ್ತು. ಕರೀಂ ಸಾಬರು ಖಾಲಿ ಡಬ್ಬಗಳನ್ನೆಲ್ಲ ತಂದು ಮುಚ್ಚಳ ತೆಗೆದು ತೋರಿಸಿದರೂ ನಂಬಲಿಲ್ಲ.

ನನ್ನ ಕಡೆ ಗಲಾಟೆ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಒಬ್ಬಾಕೆ ಹಚ್ಚುವ ಬೆರಳನ್ನು ಹಾಗೇ ಹಿಡಿದು ಕೂತಿದ್ದಳು. ಅಳುತ್ತಿದ್ದ ಮಗುವಿಗೆ ಬೆಲ್ಲವೂ ಇಲ್ಲ, ಏಟೂ ಇಲ್ಲ. ಸೆರಗು ಒಣಗಿಯೇ ಇತ್ತು. ಎದ್ದು ಹೋಗುವಾಗಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾವಾಗಲೂ ಗೇಟಿನಲ್ಲಿ ನಿಂತು ನನಗೆ ಕಥೆ ಹೇಳಿ ಹೋಗುವ ಅಂಗಡಿ ಪದ್ದಕ್ಕ ಮಾತ್ರ, "ಗಂಡ ಕೆಟ್ಟವನಾಗಿದ್ರೆ ಚೆನಾಗಿತ್ತು ಮಾರಾಯ್ತಿ" ಎಂದು ಹೋದಳು.

ಶಾಂತಪ್ಪನವರು ಬಂದರು. ಅಂಗಿಯ ಮೇಲೆಲ್ಲ ಮರಳು. "ಹೆಂಗಸರ ಕಡೆ?"

"ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ರೆ?"

"ಒದ್ದೆನೂ ಅಲ್ಲ, ಎಲೆ ಅಡಿಕೆನೂ ಅಲ್ಲ. ಸುಮ್ನೆ ಹೋದ್ರು."

"ನಿಂಗೆ ಊಟ ಹಾಕೋದು ಗೊತ್ತಾಗ್ಲಿಲ್ಲ ಅನ್ನಿಸ್ಕಳಕ್ಕಾ?" ಎಂದು ಬೈದು ಹೋದರು.

ಹೊಸನಗರದಲ್ಲಿ ಅವರು ಉಪಾಯ ಮಾಡಿದರು. ಕೊನೆಯ ರೀಲನ್ನು ತೆಗೆದಿಟ್ಟರು. ಗಂಡಸರು ತಬ್ಬಿಕೊಳ್ಳುತ್ತಾರೆ, ಆಕೆ ಕಾಫಿ ಹಿಡಿದು ನಿಂತಿದ್ದಾಳೆ, ಅಲ್ಲಿಗೆ ಸರಿಯಾಗಿ ಕರೀಂ ಸಾಬರು ಯಾವುದೋ ದೇವರ ಪಿಕ್ಚರಿನಿಂದ ಕತ್ತರಿಸಿಟ್ಟಿದ್ದ 'ಶುಭಂ' ಅಂಟಿಸಿದರು. ತಾವರೆ ಅರಳಿ, ಗಂಟೆ ಬಾರಿಸಿ ಪಿಕ್ಚರು ಮುಗಿಯುತ್ತಿತ್ತು. ನೋಡಲು ಬಂದ ಗಂಡಸರು ಕೆಮ್ಮಿ ಎದ್ದು ಪಂಚೆ ಕೊಡವಿಕೊಂಡು ಹೋದರು. ಆಕೆ ಕಾಫಿ ಕೊಟ್ಟಿರುತ್ತಾಳೆ, ಮೂವರೂ ಕುಡಿದಿರುತ್ತಾರೆ ಎಂದು ಅವರಿಗೆ ಸಮಾಧಾನ.

ಹೆಂಗಸರು ಏಳಲಿಲ್ಲ. ರಿಪ್ಪನ್‌ಪೇಟೆಯ ಸಂತೆಯಿಂದ ಸುದ್ದಿ ಅಷ್ಟರಲ್ಲಿ ನಡೆದು ಬಂದಿತ್ತು. ತೋಟದ ಮನೆಯ ಒಬ್ಬರು, ಮಡಿಚಿದ ಕೊಡೆ ಹಿಡಿದ ಹೆಂಗಸು, ನನ್ನ ಮುಂದೆ ನಿಂತು ತಮ್ಮ ಹವ್ಯಕರ ಮಾತಿನಲ್ಲಿ ಕೇಳಿದರು:

"ಎಂಗೊ ಕೇಳಿದ್ದು ಹಿಂಗಲ್ಲ. ಕೊನೆಗೆ ಅದು ಮನೆ ಬಿಟ್ಟು ಹೋಗ್ತಡ. ಅದನ್ನ ತೋರ್ಸಲೇ ಇಲ್ಲೆ?"

"ಇಷ್ಟೇ ಅಮ್ಮಾ ಪಿಕ್ಚರು."

"ಸುಳ್ಳು ಹೇಳಡ. ನಿನ್ನ ಮುಖದಲ್ಲೇ ಇದ್ದು."

ಮೂರು ದಿನವೂ ಇದೇ ಆಯಿತು. ನಾನು ಶಾಂತಪ್ಪನವರಿಗೆ ಇದ್ದದ್ದನ್ನು ಹೇಳಿದೆ: ಹೆಂಗಸರಿಗೆ ಆ ರೀಲು ಬೇಕಂತೆ, ಅದಿಲ್ಲದೆ ಎರಡನೇ ಸಲ ಬರುವುದಿಲ್ಲವಂತೆ. ತೀರ್ಥಹಳ್ಳಿಗೆ ಹೋದಾಗ ಅವರು ರೀಲನ್ನು ವಾಪಸು ಹಾಕಿಸಿದರು. ಹಾಗಾಗಿ ಮುಂದೆ ಆದದ್ದಕ್ಕೆ ಬೀಜ ಹಾಕಿದವಳು ನಾನೇ.

ತೀರ್ಥಹಳ್ಳಿಯಲ್ಲಿ ಮೊದಲ ದಿನದ ಮೊದಲ ಆಟಕ್ಕೆ ಲಲಿತಾ ಟೀಚರ್ ಬಂದಿದ್ದರು. ಹೆಣ್ಣುಮಕ್ಕಳ ಶಾಲೆಯವರು. ಮೂವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಮನೆಯಲ್ಲಿ ಕಣ್ಣು ಕಾಣದ ತಾಯಿ. ಇವರ ಸಂಬಳ ಬಿಟ್ಟು ಇನ್ನೇನೂ ಇರಲಿಲ್ಲ. ಪಿಕ್ಚರು ಮುಗಿಯಿತು. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದಾಗ ಟೀಚರ್ ತಮಗೆ ತಾವೇ ಅನ್ನುವ ಹಾಗೆ, "ಹೋದದ್ದು ಸರಿ" ಅಂದರು. ಸಣ್ಣ ದನಿ. ಪಕ್ಕದ ನಾಲ್ಕು ಜನಕ್ಕೆ ಕೇಳಿತು, ಕಂಬದ ಹತ್ತಿರ ನಿಂತಿದ್ದ ನನಗೆ ಕೇಳಿತು.

ರಿಪ್ಪನ್‌ಪೇಟೆಯಿಂದ ನನಗೆ ಹೇಳುವುದಕ್ಕೆ ಒಂದು ಮಾತು ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಶಾಂತಪ್ಪನವರು ಬಂದು ಕೇಳಿದ ಕೂಡಲೇ ಹೇಳಿಬಿಟ್ಟೆ. "ಲಲಿತಾ ಟೀಚರ್ 'ಹೋದದ್ದು ಸರಿ' ಅಂದ್ರು." ಹೆಸರು ಹೇಳಬಾರದಿತ್ತು. ಅಲ್ಲಿಯವರೆಗೆ ಯಾರ ಹೆಸರನ್ನೂ ಹೇಳಿದವಳಲ್ಲ. ಬೈಸಿಕೊಂಡ ಉರಿ ಇತ್ತು, ಅವತ್ತು ಹೇಳಿದೆ.

ಮರುದಿನ ಬೆಳಿಗ್ಗೆ ಪ್ರಚಾರದ ಎತ್ತಿನ ಗಾಡಿ ಹೊರಟಿತು. ಎರಡು ಕಡೆ ಪೋಸ್ಟರು, ಒಳಗೆ ತಮಟೆಯವನು, ತಗಡಿನ ಕಹಳೆ ಹಿಡಿದು ಕೂಗುವವನು. ನಾನು ಹೊಳೆಯಿಂದ ನೀರು ತರುತ್ತಿದ್ದೆ. ಕೂಗು ಕೇಳಿ ಕೊಡ ಹೊತ್ತುಕೊಂಡೇ ನಿಂತೆ.

"ಗಂಡನ ಮನೆ ಬಿಟ್ಟು ಹೋದದ್ದು ಸರಿಯೋ, ತಪ್ಪೋ? ಸರಿ ಅಂದಿದ್ದಾರೆ ಶಾಲೆಯ ಲಲಿತಾ ಟೀಚರಮ್ಮನವರು. ನೀವೇನಂತೀರಿ? ಬನ್ನಿ, ನೋಡಿ, ಹೇಳಿ."

ಕೊಡ ಇಳಿಸಿ ಗಾಡಿಯ ಹಿಂದೆ ಓಡಿ ಎತ್ತಿನ ಮೂಗುದಾರ ಹಿಡಿದೆ. ಕೂಗುವವನು, "ಬಿಡು ಚೌಡಕ್ಕ, ಸಾಹುಕಾರ್ರು ಹೇಳ್ಕೊಟ್ಟಿದ್ದು" ಅಂದ. ಅಷ್ಟು ಹೊತ್ತಿಗೆ ರಥಬೀದಿ, ಬಸ್ ಸ್ಟ್ಯಾಂಡು, ಶಾಲೆಯ ಮುಂದು ಎಲ್ಲ ಸುತ್ತಿ ಆಗಿತ್ತು. ಶಾಂತಪ್ಪನವರ ಹತ್ತಿರ ಹೋದೆ. ಅವರು ಖುಷಿಯಲ್ಲಿದ್ದರು.

"ಓದಿದವರು ಒಪ್ಪಿದ್ರು ಅಂದ್ರೆ ಪಿಕ್ಚರಿಗೆ ತೂಕ ಬರ್ತದೆ. ಪೇಪರಲ್ಲಿ ಹಾಕ್ತಾರಲ್ಲ, ಹಂಗೆ."

"ಅವ್ರ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ ಸಾಹುಕಾರ್ರೇ."

"ಹೇಳಿದ್ದು ನೀನು. ನಾನು ಕೂಗ್ಸಿದೆ ಅಷ್ಟೇ."

ನಾನು ದಾರಿಯಲ್ಲಿ ಬಿಟ್ಟುಬಂದ ಕೊಡ ತರಲು ಹೋದೆ.

ಡೇರೆ ಮೂರು ದಿನ ತುಂಬಿತು. ನಾಲ್ಕನೆಯ ದಿನ ಶಾಲೆಯ ಸಮಿತಿಯವರು ಸೇರುತ್ತಾರೆಂದು ಸುದ್ದಿ ಬಂತು. ಶಾಂತಪ್ಪನವರಿಗೂ ಹೇಳಿಕಳಿಸಿದ್ದರು, ನನಗೂ. ಸಮಿತಿಯ ಅಧ್ಯಕ್ಷರು ಊರಿನಲ್ಲಿ ದೊಡ್ಡವರು. ಡೇರೆ ಹಾಕಲು ಅಪ್ಪಣೆ ಕೊಡುವ ಕಚೇರಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಶಾಂತಪ್ಪನವರ ಮುಖ ಈಗ ಬಿಳಿಚಿಕೊಂಡಿತ್ತು. ದಾರಿಯಲ್ಲಿ ನನಗೆ ಪಾಠ ಹೇಳಿಕೊಟ್ಟರು.

"ಟೀಚರು ಹೇಳಿದ್ದು ಹೌದು ಅನ್ನು. ಅಷ್ಟೇ. ಇಲ್ಲ ಅಂದ್ಯೋ, ಸುಳ್ಳು ಕೂಗಿ ಹೆಣ್ಣಿನ ಮಾನ ತೆಗೆದ್ರು ಅಂತ ನಾಳೆಗೇ ಡೇರೆ ಕೀಳಿಸ್ತಾರೆ. ಡೇರೆ ಹೋದ್ರೆ ನೀನೂ ಹೋದೆ, ಕರೀಂ ಸಾಬ್ರೂ ಹೋದ್ರು."

"ಹೌದು ಅಂದ್ರೆ?"

"ಅದು ಟೀಚರ ಹಣೆಬರಹ."

ಶಾಲೆಯ ಆಫೀಸು ಕೋಣೆ. ಮಧ್ಯಾಹ್ನ. ಮೇಜಿನ ಆ ಕಡೆ ಅಧ್ಯಕ್ಷರು, ಅವರ ಎಡಬಲಕ್ಕೆ ಇಬ್ಬರು ಸದಸ್ಯರು. ಗೋಡೆಯ ಹತ್ತಿರ ಟೀಚರ್ ನಿಂತಿದ್ದರು. ಅವರಿಗೂ ಕುರ್ಚಿ ಹಾಕಿದ್ದರು, ಕೂತಿರಲಿಲ್ಲ. ನಾನು ಬಾಗಿಲ ಒಳಗೆ ನಿಂತೆ.

ಅಧ್ಯಕ್ಷರು ಒರಟಲ್ಲ. ಮೆಲ್ಲಗೆ ಮಾತಾಡುವವರು. "ನೋಡಮ್ಮ, ಹೆದ್ರಬೇಡ. ನಮ್ಮ ಶಾಲೇಲಿ ನೂರಾರು ಹೆಣ್ಮಕ್ಕಳು ಓದ್ತಾರೆ. ಗಂಡನ್ನ ಬಿಟ್ಟು ಹೋಗೋದು ಸರಿ ಅಂತ ಪಾಠ ಹೇಳೋರೇ ಅನ್ನಬಹುದಾ? ಟೀಚರನ್ನ ಕೇಳಿದ್ವಿ, ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಅದಕ್ಕೆ ನಿನ್ನ ಕರೆಸಿದ್ದು. ಅವ್ರು ಆ ಮಾತು ಅಂದ್ರಾ?"

ನಾನು ಟೀಚರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಕಿಟಕಿಯ ಹೊರಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಹೌದು ಅಂದರೆ ಆಕೆಯ ಕೆಲಸ ಹೋಗುತ್ತದೆ. ಇಲ್ಲ ಅಂದರೆ ನಮ್ಮೆಲ್ಲರ ಕೆಲಸ ಹೋಗುತ್ತದೆ. ಶಾಂತಪ್ಪನವರು ಕೆಮ್ಮಿದರು. ನಾನು ಯೋಚನೆ ಮಾಡಿ ಹೇಳಿದೆ ಅಂದರೆ ಸುಳ್ಳಾಗುತ್ತದೆ. ಬಾಯಿಗೆ ಬಂದದ್ದು ಬಂತು.

"ಒಬ್ರು ಮಾತೇ ಯಾಕೆ ಕೇಳ್ತೀರಿ ಅಯ್ಯಾ? ಅವತ್ತು ನನ್ನ ಗೇಟಿಂದ ತೀರ್ಥಹಳ್ಳಿ ಹೆಂಗಸ್ರೆಲ್ಲ ಹೋಗಿದಾರೆ. ಯಾರ್ಯಾರು ಏನಂದ್ರು ಅಂತ ಕೇಳೋದೇ ನನ್ನ ಕೆಲಸ. ಹೇಳೋದಾದ್ರೆ ಎಲ್ಲಾರದ್ದೂ ಹೇಳ್ತೀನಿ. ಮುಂದಿನ ಬೆಂಚಿಂದ ಶುರು ಮಾಡ್ಲಾ?"

ಮುಂದಿನ ಬೆಂಚಿನಲ್ಲಿ ಕೂತದ್ದು ಅಧ್ಯಕ್ಷರ ಹೆಂಡತಿ ಸೀತಮ್ಮನವರು. ಅವರ ಪಕ್ಕದಲ್ಲಿ ಆ ಇಬ್ಬರು ಸದಸ್ಯರ ಮನೆಯವರು. ಇದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಎಡಗಡೆಯ ಸದಸ್ಯರು, "ಏಯ್, ಕೇಳಿದಷ್ಟು ಹೇಳು" ಅಂದರು.

"ಅಷ್ಟೇ ಹೇಳ್ತೀನಿ ಸ್ವಾಮಿ. ಆದ್ರೆ ಗೇಟಿಗೆ ಒಬ್ರು ಹೆಚ್ಚು, ಒಬ್ರು ಕಡಿಮೆ ಅಂತಿಲ್ಲ. ಟೀಚರಮ್ಮಂದು ಹೇಳಿದ್ರೆ ನಿಮ್ಮ ಮನೆಯವ್ರದ್ದೂ ಹೇಳ್ಬೇಕಾಗ್ತದೆ."

ಬಲಗಡೆಯವರು ಕನ್ನಡಕ ತೆಗೆದು ಒರೆಸತೊಡಗಿದರು. ಅಧ್ಯಕ್ಷರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗ್ಗಿ ಹದಿಮೂರರಿಂದ ಹದಿನಾಲ್ಕಕ್ಕೆ ಹೋಯಿತು. ಕೊನೆಗೆ ಅವರು ಮೇಜಿನ ಮೇಲಿದ್ದ ಕಾಗದವನ್ನು ಮಡಿಚಿ ಖಾನೆಯಲ್ಲಿಟ್ಟರು.

"ಸಿನಿಮಾ ಡೇರೆಯ ಹರಟೆಗೆಲ್ಲ ಶಾಲೆಯವರು ತಲೆ ಕೆಡಿಸ್ಕೊಳ್ಳೋದು ಬೇಡ. ಶಾಂತಪ್ಪನವ್ರೇ, ಗಾಡೀಲಿ ಯಾರ ಹೆಸರೂ ಕೂಗಿಸಬೇಡಿ. ನಾಡಿದ್ದಿಗೆ ಆ ಪಿಕ್ಚರ್ ತೆಗೆದುಬಿಡಿ."

ಅಷ್ಟೇ. ಟೀಚರ ಕೆಲಸ ಉಳಿಯಿತು, ಡೇರೆ ಉಳಿಯಿತು. ಶಾಂತಪ್ಪನವರು ಹೊರಗೆ ಬಂದು ನನ್ನ ಬೆನ್ನು ತಟ್ಟುವುದೊಂದು ಬಾಕಿ. "ಭಾರೀ ತಲೆ ಕಣೇ ನಿಂದು. ಅಧ್ಯಕ್ಷರ ಹೆಂಡ್ತಿ ಏನಂದ್ರು? ನಂಗಾದ್ರೂ ಹೇಳು."

ನಾನು ಹೇಳಲಿಲ್ಲ. ಹೇಳಲು ಇರಲಿಲ್ಲ. ಸೀತಮ್ಮನವರು ಅವತ್ತು ಎರಡನೇ ರೀಲಿಗೇ ನಿದ್ದೆ ಹೋಗಿದ್ದರು. ಮನೆಯಲ್ಲಿ ಬೆಳಿಗ್ಗೆಯಿಂದ ಸಂಡಿಗೆ ಹಾಕಿ ದಣಿದಿದ್ದರಂತೆ. ಬೆಂಚಿನ ಪಕ್ಕದ ಕಂಬಕ್ಕೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಪಿಕ್ಚರು ಮುಗಿಯುವವರೆಗೂ ಮಲಗಿದ್ದರು. ಪಕ್ಕದವರು ಅಲುಗಿಸಿ ಎಬ್ಬಿಸಿದ್ದರು. ಉಳಿದಿಬ್ಬರು ಹೆಂಗಸರೂ ಏನೂ ಅಂದಿರಲಿಲ್ಲ.

ಆ ಸಂಜೆಯೇ ಟೀಚರ್ ಗೇಟಿನ ಹತ್ತಿರ ಬಂದರು. ಟಿಕೆಟ್ ತೆಗೆದಿರಲಿಲ್ಲ. ಕೈ ಮುಗಿಯುತ್ತಾರೇನೋ ಎಂದು ನಾನು ಸೆರಗು ಸರಿಮಾಡಿಕೊಂಡೆ. ಆಗ ನನಗೂ ಬುದ್ಧಿ ಅಷ್ಟೇ.

"ನನ್ನ ಮಾತು ತಗೊಂಡು ಹೋಗಿ ಮಾರಿದ್ದು ನೀವು. ನನ್ನ ಉಳಿಸಿದ್ದೂ ನೀವು. ಎರಡನ್ನೂ ನಾನು ಕೇಳಿರಲಿಲ್ಲ" ಅಂದರು. ಸಿಟ್ಟಿನಲ್ಲಿ ಅಂದದ್ದಲ್ಲ, ಶಾಲೆಯಲ್ಲಿ ತಪ್ಪು ಲೆಕ್ಕ ತಿದ್ದುವ ಹಾಗೆ ಅಂದರು. ಹೋದರು. ಆಮೇಲೆ ಯಾವ ಪಿಕ್ಚರಿಗೂ ಅವರು ಬಂದದ್ದನ್ನು ನಾನು ನೋಡಲಿಲ್ಲ.

ಸಮಿತಿಯ ಕೋಣೆಯಲ್ಲಿ ನಾನಾಡಿದ ಮಾತು ಎರಡು ದಿನದಲ್ಲಿ ಊರೆಲ್ಲ ಹರಡಿತು. ಕೊನೆಯ ರೀಲಿನ ಮಾತೂ ಅಷ್ಟು ಬೇಗ ಹರಡಿರಲಿಲ್ಲ. ಹೆಂಗಸರು ಬರುವುದನ್ನೇನೂ ಬಿಡಲಿಲ್ಲ. ಆದರೆ ರೀಲು ಬದಲಾಯಿಸಲು ದೀಪ ಹಾಕಿದಾಗ ಒಬ್ಬಳು ಇನ್ನೊಬ್ಬಳ ಮೊಣಕೈ ತಿವಿಯುತ್ತಿದ್ದಳು, ಎಲ್ಲರ ಬಾಯಿಗೂ ಬೀಗ. ನಾನು ಕಂಬದ ಹತ್ತಿರ ಹೋದರೆ ಅಲ್ಲಿ ಮಾತು ನಿಲ್ಲುತ್ತಿತ್ತು, ದಾಟಿದ ಮೇಲೆ ಹಿಂದೆ ಗುಸುಗುಸು. ಶಾಂತಪ್ಪನವರು ಬಂದು "ಹೆಂಗಸರ ಕಡೆ?" ಅಂದಾಗ ಎಲೆ ಅಡಿಕೆಯನ್ನು ನೋಡಿ ಏನೋ ಒಂದು ಹೇಳುತ್ತಿದ್ದೆ. ಎರಡು ಸಲ ತಪ್ಪು ಹೇಳಿದೆ. ನಾನು ಮೂರು ದಿನ ಅಂದ ಪಿಕ್ಚರು ಬೇರೆ ಡೇರೆಯಲ್ಲಿ ತಿಂಗಳು ಓಡಿತು. ಅವರು ಕೇಳುವುದನ್ನು ನಿಲ್ಲಿಸಿದರು. ಆಮೇಲೆ ನಾನು ಟಿಕೆಟ್ ಹರಿಯುವವಳು ಮಾತ್ರ. ಸಾಗರದ ಪರ್ಮನೆಂಟ್ ಟಾಕೀಸಿಗೆ ಸೇರಿದ ಮೇಲೂ ಅಷ್ಟೇ. ಕೆಲಸ ಬಿಡುವವರೆಗೂ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆ ವರ್ಷ ಮಳೆಯ ಮೋಡ ಕಟ್ಟಿದಾಗ ಡೇರೆ ಬಿಚ್ಚಿದೆವು. ಸಾಮಾನು ಲಾರಿಯಲ್ಲಿ ಹೋಯಿತು. ನಾನು ಬಟ್ಟೆಗಂಟು ಇಟ್ಟುಕೊಂಡು ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಬೆಳಗಿನ ಹತ್ತು ಗಂಟೆಯ ಹೊತ್ತು. ಸೀತಮ್ಮನವರು ಬಂದರು. ಜೊತೆಗೆ ಬಂದ ಆಳು ಚೀಲವನ್ನು ಇಟ್ಟು ಬಸ್ಸು ವಿಚಾರಿಸಲು ಹೋದ. ಅವರು ಅರಳಸುರಳಿಯಲ್ಲಿ ತಂಗಿಯ ಮನೆಗೆ ಹೊರಟವರು. ನನ್ನನ್ನು ನೋಡಿದರು. ನಾನು ಎದ್ದು ನಿಂತೆ. ಎದ್ದು ಹೋಗಿಬಿಡಬೇಕೆಂದಿದ್ದೆ, ಗಂಟು ಅವರ ಕಾಲ ಹತ್ತಿರವಿತ್ತು.

"ಕೂತ್ಕೋ ಚೌಡಿ" ಅಂದರು. ತಾವೂ ಕಲ್ಲುಬೆಂಚಿನ ಆ ತುದಿಯಲ್ಲಿ ಕೂತರು. "ನಾನು ಅವತ್ತು ನಿದ್ದೆ ಮಾಡಿದ್ದೆ, ನಿಂಗೆ ಗೊತ್ತು ಅಲ್ದಾ?"

"ಗೊತ್ತು ಅಮ್ಮಾ."

"ಅವ್ರಿಗೆ ಹೇಳಿದೆ. ನಂಬಲಿಲ್ಲ. ಹೊಡೆಯಲ್ಲ, ಬೈಯಲ್ಲ. ಅಂಥ ಜನ ಅಲ್ಲ ಅವ್ರು. ಊಟಕ್ಕೆ ಕೂತಾಗ ಅನ್ನ ಬಡಿಸ್ತಿದ್ದಂಗೆ ಒಂದು ಸಲ ಕೇಳ್ತಾರೆ. 'ಆ ಗೇಟಿನವಳು ಸುಮ್ನೆ ಹಂಗಂತಾಳಾ? ಏನಂದೆ ನೀನು?' ಅಂತ. ಎರಡು ತಿಂಗ್ಳಾಯ್ತು. ದಿನಾ ಕೇಳ್ತಾರೆ."

ನಿಮ್ಮ ಮನೆಗೆ ಬಂದು ಅವರ ಮುಂದೆ ನಿಜ ಹೇಳುತ್ತೇನೆ ಅಂದೆ.

"ಬೇಡ. ಈಗ ನೀನು ಏನು ಹೇಳಿದ್ರೂ ಇನ್ನೊಂದು ಸುಳ್ಳು ಅಂತಾರೆ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಂಗೊಂದು ಹೇಳು. ಆ ಪಿಕ್ಚರಲ್ಲಿ ಕೊನೆಗೆ ಏನಾಗ್ತದೆ? ಯಾರನ್ನ ಕೇಳಿದ್ರೂ ಬಾಯಿ ಬಿಡಲ್ಲ. ನನ್ನ ಹತ್ರ ಹೇಳಕ್ಕೆ ಎಲ್ಲಾರ್ಗೂ ಹೆದ್ರಿಕೆ."

ಹೇಳಿದೆ. ಮೊದಲಿಂದ ಹೇಳಿದೆ. ಗಂಡ ಪುಸ್ತಕ ತಂದುಕೊಡುವುದು, ಆ ಇನ್ನೊಬ್ಬ ಬರುವುದು, ಇಬ್ಬರೂ ಪಡಸಾಲೆಯಲ್ಲಿ ಕೂತು ನೀನು ಇಟ್ಟುಕೋ ನೀನು ಇಟ್ಟುಕೋ ಅನ್ನುವುದು, ಆಕೆ ಬಾಗಿಲ ಹಿಂದೆ ನಿಂತದ್ದು. ಸೀತಮ್ಮನವರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

"ಆಮೇಲೆ?"

"ಹಿತ್ತಿಲ ಬಾಗಿಲು ತೆಗೆದು ಹೋಗ್ತಾಳೆ."

"ಎಲ್ಲಿಗೆ?"

"ಅದು ತೋರ್ಸಿಲ್ಲ."

"ಆ ಇಬ್ರಲ್ಲಿ ಒಬ್ರಾದ್ರೂ ಅವಳನ್ನ ಕೇಳಿದ್ರಾ, ನಿಂಗೇನು ಬೇಕು ಅಂತ?"

"ಇಲ್ಲ ಅಮ್ಮಾ. ಕೇಳಲ್ಲ."

ಅರಳಸುರಳಿಯ ಬಸ್ಸು ಬಂದು ನಿಂತಿತು. ಆಳು ಓಡಿ ಬಂದು ಚೀಲ ಎತ್ತಿಕೊಂಡ. ಸೀತಮ್ಮನವರು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. ಅವರ ಮುಖ ಬಂದಾಗಿನ ಹಾಗೆ ಇರಲಿಲ್ಲ.

"ಆಯ್ತು ಬಿಡು. ತಂಗಿ ಮನೆಯಿಂದ ವಾಪಸ್ ಬಂದ ಮೇಲೆ ಅವ್ರು ಕೇಳಿದ್ರೆ ಹೇಳಕ್ಕೆ ನಂಗೊಂದು ಮಾತು ಸಿಕ್ತು."

"ಏನು ಹೇಳ್ತೀರಿ ಅಮ್ಮಾ?" ಬಾಯಿ ಅಭ್ಯಾಸ, ಕೇಳಿಬಿಟ್ಟೆ.

ಅವರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನನ್ನನ್ನು ನೋಡಿದರು.

"ನಿಂಗೆ ಹೇಳಲ್ಲ" ಅಂದರು.